ನಾಲಿಗೆಯ ನೆಲೆ, ಅಕ್ಷರದ ಗುರುತು

(ಉಪನ್ಯಾಸದ ಬರಹರೂಪ)



ಕುವೈತಿನ ದಕ್ಷಿಣ ಕರಾವಳಿಯ ಮೀನಾ ಅಲ್ ಅಹ್ಮದಿ ಎಂಬ ಹೆಸರನ್ನು ಮಂಗಳೂರು, ಉಡುಪಿಗಳ ಕಡೆಯವರು ಮೊದಲ ಬಾರಿ ಕೇಳಿದಾಗ ಅವರಿಗೆ ಮೀನು ನೆನಪಾದರೆ ಆಶ್ಚರ್ಯವಿಲ್ಲ. ಅರಬ್ಬಿಯಲ್ಲಿ ‘ಮೀನಾ’ ಎಂದರೆ ಬಂದರು. ‘ಅಹ್ಮದಿ’ ಎಂಬುದು 1921ರಿಂದ 1950ರವರೆಗೆ ಕುವೈತನ್ನು ಆಳಿದ ಶೇಖ್ ಅಹ್ಮದ್ ಅಲ್ ಜಾಬರ್ ಅಲ್ ಸಬಾಹ್ ಅವರ ಹೆಸರಿನಿಂದ ಬಂದದ್ದು. ಕುವೈತಿನ ಕಚ್ಚಾತೈಲವನ್ನು ಹೊತ್ತ ಮೊದಲ ಹಡಗು 1946ರಲ್ಲಿ ಹೊರಟದ್ದು ಈ ತೀರದಿಂದ. 1949ರಲ್ಲಿ ಇಲ್ಲಿ ತೈಲ ಸಂಸ್ಕರಣಾಗಾರ ತಲೆಯೆತ್ತಿತು. ಅಂದಿನಿಂದ ಇಂದಿನವರೆಗೆ ಹಲವು ನಾಡುಗಳ ದುಡಿಯುವ ಜನ ತಮ್ಮ ತಮ್ಮ ನುಡಿಗಳೊಂದಿಗೆ ಈ ನಾಡಿಗೆ ಬಂದಿದ್ದಾರೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಯುವವರೂ ಅವರಲ್ಲಿದ್ದಾರೆ.

ಈ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಕಷ್ಟವಲ್ಲ. ಆದರೆ ಕನ್ನಡದಲ್ಲಿ ಬರೆದುದನ್ನು ಓದಿದಾಗ ಬರುವ ಹೆಸರು ಕುವೈತಿಯೊಬ್ಬನ ಬಾಯಲ್ಲಿ ಬರುವ ಹೆಸರಲ್ಲ. ಕನ್ನಡದ ಹಕಾರವನ್ನು ಉಚ್ಚರಿಸುವಾಗ ಬಾಯಿಯೂ ಗಂಟಲೂ ತೆರೆದೇ ಇರುತ್ತವೆ. ಧ್ವನಿತಂತುಗಳ ನಡುವಿನಿಂದ ಉಸಿರು ಹೊರಬಂದರೆ ಸಾಕು. ‘ಅಹ್ಮದ್’ ಎಂಬಲ್ಲಿನ ಅರಬ್ಬಿ ಅಕ್ಷರ ಹಾಗಲ್ಲ. ಅದಕ್ಕೆ ನಾಲಿಗೆಯ ಬೇರು ಹಿಂದಕ್ಕೆ ಸರಿದು ಗಂಟಲಕುಳಿಯ ಹಿಂಗೋಡೆಯ ಸಮೀಪಕ್ಕೆ ಬರಬೇಕು. ಆ ಇಕ್ಕಟ್ಟಿನಲ್ಲಿ ಉಸಿರು ಉಜ್ಜಿಕೊಂಡು ಹೋದಾಗ ಆ ಧ್ವನಿ ಹುಟ್ಟುತ್ತದೆ. ಅರಬ್ಬಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಕನ್ನಡದಲ್ಲಿ ಇರುವುದು ಒಂದೇ. ಗ್ರಾಂಥಿಕ ಅರಬ್ಬಿಯ ‘ಮೀನಾ’ ಪದದ ಕೊನೆಗೆ ಇನ್ನೊಂದು ವ್ಯಂಜನವೂ ಇದೆ. ಧ್ವನಿತಂತುಗಳು ಕ್ಷಣಕಾಲ ಮುಚ್ಚಿಕೊಂಡು ಉಸಿರನ್ನು ತಡೆಯುವ ಆ ಧ್ವನಿಗೆ ಅರಬ್ಬರು ‘ಹಮ್ಜ಼ಾ’ ಎನ್ನುತ್ತಾರೆ. ಕನ್ನಡ ಬರಹದಲ್ಲಿ ಅದರ ಸುಳಿವೇ ಇಲ್ಲ.

ಇನ್ನು ಎದುರು ದಿಕ್ಕಿನ ಪಯಣವನ್ನು ನೋಡಬಹುದು. ಕುವೈತಿನ ಸಿವಿಲ್ ಐಡಿ ಕಾರ್ಡಿನಲ್ಲಿ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಇರುತ್ತದೆ. ಅರಬ್ಬಿ ವರ್ಣಮಾಲೆಯಲ್ಲಿ ಪಕಾರವಿಲ್ಲ. ಆದ್ದರಿಂದ ಪೂಜಾರಿ ಎಂಬುದು ‘ಬೂಜಾರಿ’ಯಾಗುತ್ತದೆ, ಪಿಂಟೊ ಎಂಬುದು ‘ಬಿಂತೊ’ ಆಗುತ್ತದೆ. ಟಕಾರ, ಡಕಾರ, ಣಕಾರ, ಳಕಾರಗಳಿಗೂ ಅಲ್ಲಿ ಬೇರೆ ಅಕ್ಷರವಿಲ್ಲ. ಹ್ರಸ್ವ ಎಕಾರಕ್ಕೂ ಒಕಾರಕ್ಕೂ ಗುರುತಿಲ್ಲ. ಶೆಟ್ಟಿ ಎಂಬ ಹೆಸರು ಎರಡು ಕಡೆ ಪೆಟ್ಟು ತಿನ್ನುತ್ತದೆ. ಪಾಟೀಲ ಎಂಬುದು ‘ಬಾತೀಲ್’ ಆಗುತ್ತದೆ. ಅರಬ್ಬಿಯಲ್ಲಿ ‘ಬಾತಿಲ್’ ಎಂದರೆ ಅಸಿಂಧು, ರದ್ದಾದದ್ದು ಎಂದರ್ಥ. ಅರಬ್ಬಿ ಕಿವಿಗೆ ಇವೆರಡೂ ಬೇರೆಯೇ. ರದ್ದಾದ ‘ಬಾತಿಲ್’ನಲ್ಲಿರುವುದು ನಾಲಿಗೆಯ ಬೇರನ್ನು ಹಿಂದಕ್ಕೆಳೆದು ನುಡಿಯುವ ಗಡುಸಾದ ತಕಾರ, ಮತ್ತು ಅದರ ಇಕಾರ ಹ್ರಸ್ವ. ಕನ್ನಡದ ಕಿವಿಗೆ ಮಾತ್ರ ಆ ತಕಾರಗಳ ಅಂತರ ಕೇಳಿಸುವುದಿಲ್ಲ. ಪಾಸ್‌ಪೋರ್ಟಿನ ಇಂಗ್ಲಿಷ್ ಕಾಗುಣಿತ, ಕಾರ್ಡಿನ ಅರಬ್ಬಿ ಕಾಗುಣಿತ, ಒಪ್ಪಂದಪತ್ರದ ಇನ್ನೊಂದು ಕಾಗುಣಿತ, ಹೀಗೆ ಒಬ್ಬನೇ ಮನುಷ್ಯ ಮೂರು ಹೆಸರುಗಳನ್ನು ಹೊತ್ತು ತಿರುಗಬೇಕಾಗುತ್ತದೆ. ಬೆರಳಚ್ಚಿನಿಂದ ಬ್ಯಾಂಕಿನವರೆಗೆ ಎಲ್ಲವೂ ದಾಖಲೆಯಿಂದಲೇ ನಡೆಯುವ ನಾಡಿನಲ್ಲಿ ಇದು ಹಗುರವಾದ ಸಂಗತಿಯಲ್ಲ.

ಅಕ್ಷರವೆಂದರೆ ಏನು, ಅದರ ಮೇಲೋ ಕೆಳಗೋ ಹಾಕುವ ಚುಕ್ಕಿ, ಗೆರೆ, ಕೊಕ್ಕೆಗಳೆಂದರೆ ಏನು ಎಂಬ ಪ್ರಶ್ನೆ ಈ ಕಾರಣಕ್ಕಾಗಿ ವ್ಯಾಕರಣದ ತರಗತಿಗಷ್ಟೇ ಸೀಮಿತವಲ್ಲ.

ಕನ್ನಡ ವರ್ಣಮಾಲೆಯ ವ್ಯಂಜನಗಳ ಕ್ರಮವನ್ನು ಎಲ್ಲರೂ ಬಾಲ್ಯದಲ್ಲಿಯೇ ಕಂಠಪಾಠ ಮಾಡಿರುತ್ತಾರೆ. ಆ ಕ್ರಮ ಬಾಯಿಯ ನಕ್ಷೆ ಎಂಬುದನ್ನು ಶಾಲೆಗಳು ಹೇಳಿಕೊಡುವುದು ಅಪರೂಪ. ಕವರ್ಗದಲ್ಲಿ ನಾಲಿಗೆಯ ಹಿಂಭಾಗ ಮೃದುತಾಲುವನ್ನು ಮುಟ್ಟುತ್ತದೆ. ಚವರ್ಗದಲ್ಲಿ ನಾಲಿಗೆಯ ನಡುಭಾಗ ಅಂಗುಳಕ್ಕೆ ಏರುತ್ತದೆ. ಟವರ್ಗದಲ್ಲಿ ನಾಲಿಗೆಯ ತುದಿ ಹಿಂದಕ್ಕೆ ಮಡಿಯುತ್ತದೆ, ತವರ್ಗದಲ್ಲಿ ಹಲ್ಲಿಗೆ ತಾಗುತ್ತದೆ. ಪವರ್ಗದಲ್ಲಿ ತುಟಿಗಳು ಮುಚ್ಚುತ್ತವೆ. ಒಳಗಿನಿಂದ ಹೊರಕ್ಕೆ ಐದು ನಿಲ್ದಾಣಗಳು. ಪ್ರತಿಯೊಂದು ಸಾಲಿನ ಒಳಗೆ ಅಘೋಷ, ಘೋಷ, ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕ ಎಂಬ ಭೇದಗಳು. ಹಳೆಯ ಶಿಕ್ಷಾಶಾಸ್ತ್ರಕಾರರು ಇವನ್ನೇ ಸ್ಥಾನ, ಕರಣ, ಪ್ರಯತ್ನ ಎಂದು ವಿಂಗಡಿಸಿದರು.

ಅಕ್ಷರದ ಆಕಾರದಲ್ಲಿ ನಾಲಿಗೆಯ ಚಿತ್ರವಿಲ್ಲ. ಇರುವುದು ಅಕ್ಷರಗಳ ಜೋಡಣೆಯಲ್ಲಿ. ಆದರೂ ಕನ್ನಡ ಲಿಪಿಯಲ್ಲಿ ಉಪಚಿಹ್ನೆಗಳ ಕೆಲಸ ಕಾಣುತ್ತದೆ. ಡಕಾರದ ಹೊಟ್ಟೆಯ ಕೆಳಗೆ ಸೀಳು ಎಳೆದರೆ ಢಕಾರ, ಪಕಾರಕ್ಕೆ ಎಳೆದರೆ ಫಕಾರ, ಬಕಾರಕ್ಕೆ ಎಳೆದರೆ ಭಕಾರ. ಆ ಸೀಳು ಹೇಳುವುದು ಒಂದೇ ಮಾತು: ಇಲ್ಲಿ ಉಸಿರು ಹೆಚ್ಚು. ಅನುಸ್ವಾರದ ಸೊನ್ನೆಯದು ಬೇರೆ ರೀತಿ. ಅಂಗಡಿ, ಪಂಚೆ, ಕಂಠ, ಹಂತ, ಅಂಬಲಿ ಎಂಬ ಐದು ಪದಗಳಲ್ಲಿ ಬರಹದ ಸೊನ್ನೆ ಒಂದೇ. ಉಚ್ಚರಿಸುವಾಗ ನಾಲಿಗೆ, ತುಟಿಗಳ ಸ್ಥಾನಗಳು ಐದು. ಮುಂದಿನ ವ್ಯಂಜನ ಯಾವುದೆಂದು ನೋಡಿ ಓದುಗನೇ ಸ್ಥಾನವನ್ನು ಗೊತ್ತುಪಡಿಸಿಕೊಳ್ಳುತ್ತಾನೆ. ಅಂದರೆ ಬರಹ ಎಲ್ಲವನ್ನೂ ಹೇಳುವುದಿಲ್ಲ. ಆ ನುಡಿಯನ್ನು ಬಲ್ಲವನಿಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತದೆ.

ಇಂಥ ವಿಚಾರ ಭಾರತದಲ್ಲಿ ಮಾತ್ರ ನಡೆಯಲಿಲ್ಲ. ಕುವೈತಿನ ಉತ್ತರದ ಗಡಿಯಾಚೆ, ಇರಾಕಿನ ಬಸ್ರಾ ನಗರವಿದೆ. ಏಳನೆಯ ಶತಮಾನದಲ್ಲಿ ಅಲ್ಲಿದ್ದ ಅಬುಲ್ ಅಸ್ವದ್ ಅದ್ದುಆಲಿಯ ಬಗ್ಗೆ ಅರಬ್ಬಿ ಪರಂಪರೆಯಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಕುರಾನನ್ನು ಜನ ತಪ್ಪಾಗಿ ಓದುವುದನ್ನು ಕೇಳಿ, ಸ್ವರಗಳನ್ನು ಗುರುತಿಸಲು ಆತ ಒಬ್ಬ ಲಿಪಿಕಾರನನ್ನು ಎದುರಿಗೆ ಕೂರಿಸಿಕೊಂಡನಂತೆ. ತನ್ನ ಬಾಯನ್ನು ನೋಡುತ್ತಿರು ಎಂದನಂತೆ. ತುಟಿ ತೆರೆದರೆ ಅಕ್ಷರದ ಮೇಲೆ ಚುಕ್ಕಿ, ತುಟಿ ದುಂಡಗೆ ಕೂಡಿದರೆ ಪಕ್ಕದಲ್ಲಿ ಚುಕ್ಕಿ, ಕೆಳಕ್ಕೆ ಇಳಿದರೆ ಕೆಳಗೆ ಚುಕ್ಕಿ. ಇಂದಿಗೂ ಅರಬ್ಬಿಯ ಹ್ರಸ್ವಸ್ವರ ಚಿಹ್ನೆಗಳ ಹೆಸರುಗಳಲ್ಲಿ ಆ ನೆನಪು ಉಳಿದಿದೆ: ‘ಫತ್ಹಾ’ ಎಂದರೆ ತೆರೆಯುವಿಕೆ, ‘ದಮ್ಮಾ’ ಎಂದರೆ ಕೂಡಿಸುವಿಕೆ. ಚಿಹ್ನೆಯ ಹೆಸರು ತುಟಿಯ ಸ್ಥಿತಿಯ ಹೆಸರೂ ಹೌದು.

ಎಂಟನೆಯ ಶತಮಾನದಲ್ಲಿ ಅದೇ ಬಸ್ರಾದ ಅಲ್ ಖಲೀಲ್ ಇಬ್ನ್ ಅಹ್ಮದ್ ತನ್ನ ನಿಘಂಟನ್ನು ಅಲಿಫ್‌ನಿಂದ ಆರಂಭಿಸಲಿಲ್ಲ. ಗಂಟಲಿನ ಆಳದ ‘ಅಯ್ನ್’ ಅಕ್ಷರದಿಂದ ಹೊರಟು ತುಟಿಗಳ ಕಡೆಗೆ ಬಂದ. ಆ ಗ್ರಂಥದ ಹೆಸರೇ ‘ಕಿತಾಬ್ ಅಲ್ ಅಯ್ನ್’. ಅವನ ಶಿಷ್ಯ, ಪರ್ಷಿಯನ್ ಮೂಲದ ಸೀಬವೈಹಿ ಅರಬ್ಬಿ ಧ್ವನಿಗಳಿಗೆ 16 ಸ್ಥಾನಗಳನ್ನು ಗುರುತಿಸಿದ. ಆ ಸ್ಥಾನಗಳಿಗೆ ಅರಬ್ಬಿಯಲ್ಲಿ ‘ಮಖಾರಿಜ್’ ಎನ್ನುತ್ತಾರೆ, ಧ್ವನಿಗಳು ಹೊರಬರುವ ಬಾಗಿಲುಗಳು ಎಂಬರ್ಥದಲ್ಲಿ. ಕಕಾರದಿಂದ ಪಕಾರಕ್ಕೆ ಸಾಗುವ ವರ್ಣಮಾಲೆಯನ್ನು ಕಲಿತವರಿಗೆ ಈ ದಾರಿ ಪರಿಚಿತವೆನಿಸುತ್ತದೆ. ಭಾರತದ ಪ್ರಭಾವ ಬಸ್ರಾವನ್ನು ಮುಟ್ಟಿತ್ತೇ ಎಂದು ವಿದ್ವಾಂಸರು ವಾದಿಸಿದ್ದಾರೆ. ಮುಟ್ಟಿರದಿದ್ದರೂ ಬೆರಗಿಲ್ಲ, ಏಕೆಂದರೆ ಇಬ್ಬರೂ ಪರೀಕ್ಷಿಸಿದ್ದು ಮನುಷ್ಯನ ಬಾಯನ್ನೇ.

ಆಧುನಿಕ ಕಾಲದಲ್ಲಿ ಈ ಕೆಲಸವನ್ನು ಎಲ್ಲ ಭಾಷೆಗಳಿಗೂ ಅನ್ವಯವಾಗುವಂತೆ ಮಾಡಲು ಹೊರಟದ್ದು 1886ರಲ್ಲಿ ಪ್ಯಾರಿಸ್ಸಿನಲ್ಲಿ ಪೌಲ್ ಪಾಸಿಯ ನೇತೃತ್ವದಲ್ಲಿ ಕೂಡಿದ ಭಾಷಾಶಿಕ್ಷಕರ ಸಂಘ. ಅದೇ ಮುಂದೆ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘವಾಯಿತು. 1888ರಲ್ಲಿ ಅದರ ಧ್ವನಿಲಿಪಿಯ ಮೊದಲ ರೂಪ ಪ್ರಕಟವಾಯಿತು. ಅದಕ್ಕೂ ಮುನ್ನ, 1867ರಲ್ಲಿ, ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ನಾಲಿಗೆ, ತುಟಿಗಳ ಸ್ಥಿತಿಯನ್ನೇ ಆಕಾರದಲ್ಲಿ ತೋರುವ ‘ಕಾಣುವ ಮಾತು’ ಎಂಬ ಲಿಪಿಯನ್ನು ಹೊರತಂದಿದ್ದ. ಪ್ಯಾರಿಸ್ಸಿನ ಸಂಘ ಅಷ್ಟು ದೂರ ಹೋಗಲಿಲ್ಲ. ಪರಿಚಿತ ರೋಮನ್ ಅಕ್ಷರಗಳನ್ನೇ ಇಟ್ಟುಕೊಂಡು ಬೇಕಾದಲ್ಲಿ ಮಾತ್ರ ಹೊಸ ಆಕಾರಗಳನ್ನೂ ಉಪಚಿಹ್ನೆಗಳನ್ನೂ ಸೇರಿಸಿತು.

ಆ ಲಿಪಿಯಲ್ಲಿ ಟಕಾರವನ್ನು ಬರೆಯಲು ರೋಮನ್ನಿನ ಟಿ ಅಕ್ಷರದ ಕಾಲಿಗೆ ಬಲಬದಿಗೆ ಬಾಗಿದ ಕೊಕ್ಕೆ ಹಾಕುತ್ತಾರೆ. ಅದೇ ಕೊಕ್ಕೆ ಡ, ಣ, ಳ, ಷಗಳಿಗೂ ಇದೆ. ಕೊಕ್ಕೆ ಕಂಡರೆ ನಾಲಿಗೆಯ ತುದಿ ಹಿಂದಕ್ಕೆ ಮಡಿದಿದೆ ಎಂದರ್ಥ. ಕನ್ನಡದ ತಕಾರವನ್ನು ತೋರಿಸಲು ಟಿ ಅಕ್ಷರದ ಕೆಳಗೆ ಹಲ್ಲಿನಾಕಾರದ ಸಣ್ಣ ಗುರುತು. ಘೋಷ ಧ್ವನಿಯ ಕೆಳಗೆ ಪುಟ್ಟ ಉಂಗುರವಿಟ್ಟರೆ ಧ್ವನಿತಂತುಗಳು ಕಂಪಿಸುತ್ತಿಲ್ಲ ಎಂದರ್ಥ. ಮೇಲೆ ಅಲೆಯಂಥ ಗೆರೆಯಿದ್ದರೆ ಮೂಗಿನ ದಾರಿ ತೆರೆದಿದೆ. ‘ಅಹ್ಮದ್’ನ ಗಂಟಲ ಧ್ವನಿಗೆ ಎಚ್ ಅಕ್ಷರದ ಕಂಬಕ್ಕೆ ಅಡ್ಡಗೆರೆ. ಈ ಲಿಪಿಯ ವ್ಯಂಜನಗಳ ಕೋಷ್ಟಕ ತುಟಿಯಿಂದ ಆರಂಭವಾಗಿ ಗಂಟಲಲ್ಲಿ ಮುಗಿಯುತ್ತದೆ. ಕನ್ನಡ ವರ್ಣಮಾಲೆಯದು ಅದರ ವಿರುದ್ಧ ದಿಕ್ಕು. ಆ ಕೋಷ್ಟಕದಲ್ಲಿ ಕೆಲವು ಮನೆಗಳಿಗೆ ಬೂದು ಬಣ್ಣ ಬಳಿದಿರುತ್ತಾರೆ: ಮನುಷ್ಯದೇಹಕ್ಕೆ ಅಸಾಧ್ಯವೆಂದು ಎಣಿಸಿದ ಉಚ್ಚಾರಗಳು ಅವು. ಉಳಿದ ಮನೆಗಳು ತುಂಬಿರಬಹುದು, ಖಾಲಿಯಿರಬಹುದು. ಶುದ್ಧ, ಅಶುದ್ಧ ಎಂಬ ಹೆಸರಿನ ಮನೆ ಅಲ್ಲಿ ಇಲ್ಲ.

ಪ್ಯಾರಿಸ್ಸಿನಲ್ಲಿ ಸಂಘ ಕೂಡಿದ 1886ರಲ್ಲಿಯೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ತುಳು–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವವರು ಇಂದಿಗೂ ಎದುರಿಸುವ ತೊಡಕುಗಳನ್ನು ಇಲ್ಲಿ ನೆನೆಯಬೇಕು. ಮನೆ ಎಂಬರ್ಥದ ‘ಇಲ್ಲ್’, ಕಾಲು ಎಂಬರ್ಥದ ‘ಕಾರ್’ ಮೊದಲಾದ ಪದಗಳ ಕೊನೆಗೆ ಒಂದು ಸ್ವರವಿದೆ. ನಾಲಿಗೆ ಉಕಾರಕ್ಕೆ ಏರುವಂತೆಯೇ ಏರುತ್ತದೆ, ತುಟಿಗಳು ಮಾತ್ರ ದುಂಡಗಾಗುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲವಾದ್ದರಿಂದ ಸ್ವರವೇ ಇಲ್ಲವೆಂದು ಸೂಚಿಸುವ ಹಲಂತದ ಕೊಂಬನ್ನು ಆ ಸ್ವರಕ್ಕೆ ಬಳಸಬೇಕಾಗಿ ಬಂದಿದೆ. ಎರಡನೆಯ ತೊಡಕು ಇನ್ನೂ ದೊಡ್ಡದು. ತುಳುವಿನಲ್ಲಿ ‘ಯಾನ್ ಪೋಪೆ’ ಎಂದರೆ ನಾನು ಹೋಗುತ್ತೇನೆ. ‘ಆಯೆ ಪೋಪೆ’ ಎಂದರೆ ಅವನು ಹೋಗುತ್ತಾನೆ. ಬರಹದಲ್ಲಿ ಎರಡೂ ‘ಪೋಪೆ’ ಒಂದೇ. ಬಾಯಲ್ಲಿ ಒಂದಲ್ಲ: ‘ನಾನು’ ಎಂಬಾಗ ದವಡೆ ಇನ್ನಷ್ಟು ತೆರೆದು ಎಕಾರ ಅಗಲವಾಗುತ್ತದೆ. ತಾನು ಮತ್ತು ಅವನು ಎಂಬ ಅಂತರವನ್ನೇ ಆ ಕೊನೆಯ ಸ್ವರ ಹೊತ್ತಿದೆ. ಅಂತರರಾಷ್ಟ್ರೀಯ ಧ್ವನಿಲಿಪಿ ಇವೆರಡಕ್ಕೂ ಎರಡು ಚಿಹ್ನೆ ಕೊಡುತ್ತದೆ. ಕನ್ನಡ ಲಿಪಿ ಕೊಡುವುದಿಲ್ಲ. ಅರಬ್ಬಿ ಬರಹ ಪೂಜಾರಿಗೆ ಮಾಡಿದ್ದನ್ನು ಕನ್ನಡ ಬರಹ ತುಳುವಿಗೆ ಮಾಡುತ್ತ ಬಂದಿದೆ ಎಂಬುದನ್ನು ಕನ್ನಡಿಗರು ಒಪ್ಪಿಕೊಳ್ಳಬೇಕು.

ಲಿಪಿಗಳು ಗುರುತುಗಳನ್ನು ಕಳೆದುಕೊಳ್ಳುವುದೂ ಉಂಟು. ಕೊಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಮೊದಲು ಕಲಿಯುವ ಪದಗಳಲ್ಲಿ ‘ಕುಬ್ಬೂಸ್’ ಒಂದು. ಅರಬ್ಬಿಯಲ್ಲಿ ರೊಟ್ಟಿಗೆ ‘ಖುಬ್ಜ಼್’ ಎನ್ನುತ್ತಾರೆ. ಅದರ ಮೊದಲ ಧ್ವನಿ ಕನ್ನಡದ ಖಕಾರವಲ್ಲ. ನಾಲಿಗೆಯ ಹಿಂಭಾಗ ಮೃದುತಾಲುವನ್ನು ಮುಟ್ಟದೆ ಸಮೀಪದಲ್ಲಿ ನಿಂತಾಗ ಉಜ್ಜಿ ಬರುವ ಉಸಿರು ಅದು. ಹಳೆಯ ಕನ್ನಡ ಲಿಪಿಯಲ್ಲಿ ಇಂಥದೇ ಧ್ವನಿಗೆ ಒಂದು ಗುರುತಿತ್ತು. ಸಂಸ್ಕೃತ ಪದಗಳಲ್ಲಿ ಕಕಾರ, ಖಕಾರಗಳ ಹಿಂದಿನ ವಿಸರ್ಗಕ್ಕೆ ಬಳಸುತ್ತಿದ್ದ ಆ ಚಿಹ್ನೆಗೆ ಜಿಹ್ವಾಮೂಲೀಯ ಎಂದು ಹೆಸರು. ನಾಲಿಗೆಯ ಬುಡದಲ್ಲಿ ಹುಟ್ಟುವುದು ಎಂದೇ ಅರ್ಥ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಅಕ್ಷರಗಳನ್ನು ಎಣಿಸುವಾಗ ಇಂಥ ಕೆಲವನ್ನು ಕನ್ನಡಕ್ಕೆ ಸಲ್ಲದವೆಂದು ಬಿಟ್ಟ. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ, ಒಕಾರಗಳನ್ನೂ ಱ, ೞಗಳನ್ನೂ ಕನ್ನಡದವೆಂದು ಸೇರಿಸಿಕೊಂಡ. ಅವನು ಉಳಿಸಿಕೊಂಡ ಱ, ೞ ಮುಂದೆ ಬಳಕೆಯಿಂದ ಜಾರಿದವು. ಜನರ ಬಾಯಿ ಬದಲಾದಾಗ ಅಕ್ಷರದ ಪಟ್ಟಿಯೂ ಬದಲಾಗಿದೆ. ಅದರಿಂದ ಕನ್ನಡ ಕೆಡಲಿಲ್ಲ.

ಬಾಯಿ ಬದಲಾದ ಬಗೆಗೆ ‘ಹೆಸರು’ ಎಂಬ ಪದವೇ ಒಳ್ಳೆಯ ಸಾಕ್ಷಿ. ಹಳಗನ್ನಡದಲ್ಲಿ ಅದು ‘ಪೆಸರ್’. ತುಳುವಿನಲ್ಲಿ ಇಂದಿಗೂ ‘ಪುದರ್’, ತಮಿಳಿನಲ್ಲಿ ‘ಪೆಯರ್’. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಗತೊಡಗಿತು. ಮುಚ್ಚುತ್ತಿದ್ದ ತುಟಿಗಳು ಮುಚ್ಚುವುದನ್ನು ಬಿಟ್ಟವು, ಉಸಿರು ಮಾತ್ರ ಉಳಿಯಿತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಆ ಪಯಣ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಉಸಿರೂ ಇಲ್ಲವಾಗಿ ‘ಎಸ್ರು’ ಆಯಿತು. ಪೆಸರ್, ಹೆಸರು, ಎಸ್ರು: ಒಂದೇ ದಾರಿಯ ಮೂರು ನಿಲ್ದಾಣಗಳು. ಎರಡನೆಯ ನಿಲ್ದಾಣಕ್ಕೆ ಪಠ್ಯಪುಸ್ತಕ ಹೊಸಗನ್ನಡವೆಂಬ ಗೌರವ ಕೊಟ್ಟಿತು. ಮೂರನೆಯದಕ್ಕೆ ಶಾಲೆ ಬೆತ್ತ ತೋರಿಸಿತು, ಸಿನಿಮಾ ನಗೆ ತೋರಿಸಿತು. ಹಾಸನವನ್ನು ‘ಆಸನ’ ಎಂದವನನ್ನು ಕಂಡು ನಗುವವರು ‘ಪಾಲ್’ ಬಿಟ್ಟು ‘ಹಾಲು’ ಎನ್ನುವ ತಮ್ಮನ್ನು ಕಂಡು ನಗುವುದಿಲ್ಲ.

ಅರಬ್ಬಿಯಲ್ಲಿ ಪಕಾರವಿಲ್ಲದಿರುವುದಕ್ಕೂ ಇಂಥದೇ ಕಾರಣವಿದೆ. ಅದರ ಪೂರ್ವರೂಪದಲ್ಲಿ ಪಕಾರವಿತ್ತು; ಅರಬ್ಬಿಯಲ್ಲಿ ಅದು ಹಲ್ಲು–ತುಟಿಗಳ ನಡುವಿನ ಫ಼ಕಾರವಾಯಿತು. ಬಾಯಿಗೆ ಹೀಬ್ರೂವಿನಲ್ಲಿ ‘ಪೆ’, ಅರಬ್ಬಿಯಲ್ಲಿ ‘ಫ಼ಮ್’. ಕನ್ನಡದ ತುಟಿಗಳು ಬಿಟ್ಟ ಕೆಲಸವನ್ನೇ ಅರಬ್ಬಿಯ ತುಟಿಗಳೂ ಬಿಟ್ಟವು. ಕನ್ನಡಕ್ಕೆ ‘ಅಪ್ಪ’, ‘ತಪ್ಪು’ಗಳಂಥ ಪದಗಳಲ್ಲಿ ಪಕಾರ ಉಳಿಯಿತು, ಸಂಸ್ಕೃತವೇ ಮೊದಲಾದ ಭಾಷೆಗಳಿಂದ ಬಂದ ಪದಗಳೂ ಅದನ್ನು ತಂದವು. ಕುವೈತಿಗಳಿಗೂ ಗ್ರಂಥದ ಭಾಷೆಗೂ ಮನೆಯ ಭಾಷೆಗೂ ನಡುವೆ ಇಂಥ ಅಂತರವಿದೆ. ಕೋಳಿಗೆ ಬರಹದಲ್ಲಿ ‘ದಜಾಜ್’, ಮನೆಯಲ್ಲಿ ‘ದಿಯಾಯ್’. ನಾಯಿಗೆ ಬರಹದಲ್ಲಿ ‘ಕಲ್ಬ್’, ಮನೆಯಲ್ಲಿ ‘ಚಲ್ಬ್’; ಆ ಚಕಾರಕ್ಕೆ ಅರಬ್ಬಿಯಲ್ಲಿ ಅಕ್ಷರವಿಲ್ಲದೆ, ಮೂರು ಚುಕ್ಕಿಯ ಪರ್ಷಿಯನ್ ಅಕ್ಷರವನ್ನು ಎರವಲು ತರುತ್ತಾರೆ.

ಈ ಹಿನ್ನೆಲೆಯಲ್ಲಿ ಮಹಾಪ್ರಾಣಗಳ ವಿವಾದವನ್ನು ನೋಡಬೇಕು. ಬಹುಪಾಲು ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣವಿಲ್ಲ, ಬರಹದಲ್ಲಿಯೂ ಅವು ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಹಾಗೆ ಮಾಡಿದರೆ ಹಿಂದಿನ ಸಾಹಿತ್ಯದ ಓದು ಕಷ್ಟವಾದೀತು, ಅರ್ಥಭೇದ ಅಳಿದೀತು ಎಂಬ ಪ್ರತಿವಾದವೂ ಬಲವಾಗಿಯೇ ಬಂತು. ಬರಹದಲ್ಲಿ ಸೀಳು ಉಳಿಯಬೇಕೆ ಎಂಬುದು ಚರ್ಚೆಗೆ ಬಿಟ್ಟ ವಿಷಯ. ಚರ್ಚೆಗೆ ಬಿಡಲಾಗದ ಸಂಗತಿ ಇನ್ನೊಂದಿದೆ. ಸೀಳು ಸೂಚಿಸುವುದು ಉಸಿರಿನ ಪ್ರಮಾಣವನ್ನು. ಅದನ್ನು ನುಡಿಯುವವನ ಜಾತಿಯನ್ನೋ ವಿದ್ಯೆಯನ್ನೋ ಬುದ್ಧಿಯನ್ನೋ ಅಲ್ಲ. ‘ಧನ’ ಎಂಬುದನ್ನು ‘ದನ’ ಎಂದ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ನಗಿಸಿದಾಗ ಅಳೆದದ್ದು ಆ ಮಗು ಯಾವ ಮನೆಯಿಂದ ಬಂದಿದೆ ಎಂಬುದನ್ನು. ವಿಪರ್ಯಾಸವೆಂದರೆ, ಹಾಗೆ ನಕ್ಕವರೇ ಕೊಲ್ಲಿಗೆ ಬಂದು ‘ಸೈಫ಼್’ ಎಂದಾಗ ಅವರು ಹೇಳಿದ್ದು ಕತ್ತಿಯೋ ಬೇಸಿಗೆಯೋ ಎಂದು ಅರಬ್ಬನಿಗೆ ತಿಳಿಯುವುದಿಲ್ಲ. ಆ ಎರಡು ಪದಗಳ ಸಕಾರಗಳಲ್ಲಿ ನಾಲಿಗೆಯ ಬೇರಿನ ಸ್ಥಾನ ಬೇರೆ ಬೇರೆ. ಅಲ್ಲಿ ಶುದ್ಧ ಕನ್ನಡ ಬಲ್ಲವನೂ ‘ಎಸ್ರು’ ಎನ್ನುವವನೂ ಒಂದೇ ಬೆಂಚಿನ ವಿದ್ಯಾರ್ಥಿಗಳು.

ಆದ್ದರಿಂದ ಆಗಬೇಕಾದ ಕೆಲಸಗಳು ಎರಡು. ಮೊದಲನೆಯದು ದಾಖಲೆಗೆ ಸಂಬಂಧಿಸಿದ್ದು. ಅರಬ್ಬಿ ಲಿಪಿಗೆ ದ್ರಾವಿಡ ಧ್ವನಿಗಳನ್ನು ಬರೆಯಲು ಬರುವುದಿಲ್ಲ ಎಂಬುದು ನಿಜವಲ್ಲ. ಪರ್ಷಿಯನ್ನರು ಮೂರು ಚುಕ್ಕಿಯಿಟ್ಟು ಪಕಾರ ಮಾಡಿಕೊಂಡರು, ಉರ್ದುವಿನವರು ಟಕಾರ, ಡಕಾರಗಳಿಗೆ ಗುರುತು ಕಂಡುಕೊಂಡರು, ಮಲಬಾರಿನ ಮಾಪಿಳ್ಳೆಯರು ಅರಬ್ಬಿ–ಮಲಯಾಳ ಬರಹದಲ್ಲಿ ಶತಮಾನಗಳ ಸಾಹಿತ್ಯವನ್ನೇ ರಚಿಸಿದರು. ಕಚೇರಿಯ ನಮೂನೆ ಈ ಚುಕ್ಕಿಗಳನ್ನು ನಾಳೆಯೇ ಸ್ವೀಕರಿಸಲಾರದು. ಆದರೆ ಹೊಸದಾಗಿ ಬಂದ ಕಾರ್ಮಿಕನ ಹೆಸರಿನ ಅರಬ್ಬಿ ಕಾಗುಣಿತವನ್ನು ಮೊದಲ ದಾಖಲೆಯಲ್ಲಿಯೇ ಗಟ್ಟಿಯಾಗಿ ಓದಿಸಿ ಕೇಳುವುದು, ಮುಂದಿನ ಪ್ರತಿಯೊಂದು ಕಾಗದದಲ್ಲಿಯೂ ಅದೇ ಕಾಗುಣಿತವನ್ನು ಉಳಿಸಿಕೊಳ್ಳುವುದು ಸಾಧ್ಯ. ಓದು ಬಲ್ಲವರು ಓದು ಬಾರದವರಿಗೆ ಮಾಡಬಹುದಾದ ಸಣ್ಣ ಉಪಕಾರವಿದು. ಅರಬ್ಬಿ ಓದಲು ಬಲ್ಲ ಬ್ಯಾರಿ ಸಮುದಾಯದವರು ಇದರಲ್ಲಿ ಮುಂದಾಳುಗಳಾಗಬಲ್ಲರು.

ಎರಡನೆಯದು ಮಕ್ಕಳಿಗೆ ಸಂಬಂಧಿಸಿದ್ದು. ಪರನಾಡಿನ ಕನ್ನಡ ತರಗತಿಗಳಲ್ಲಿ ಕೂರುವ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕೇಳಿ, ಶಾಲೆಯಲ್ಲಿ ಇಂಗ್ಲಿಷನ್ನೂ ಅರಬ್ಬಿಯನ್ನೂ ಕಲಿತು ಬಂದಿರುತ್ತದೆ. ಅದರ ಳಕಾರ ಲಕಾರವಾಗಿದ್ದರೆ, ತಪ್ಪು ಎಂಬ ಒಂದೇ ಮಾತಿನಿಂದ ಅದಕ್ಕೆ ಏನೂ ತಿಳಿಯುವುದಿಲ್ಲ. ಲಕಾರಕ್ಕೆ ನಾಲಿಗೆಯ ತುದಿ ಮುಂದಿರುತ್ತದೆ, ಳಕಾರಕ್ಕೆ ಹಿಂದೆ ಮಡಿಯಬೇಕು ಎಂದು ಬಾಯಿ ತೆರೆದು ತೋರಿಸಿದರೆ ತಿಳಿಯುತ್ತದೆ. ಬಸ್ರಾದ ಆ ಕಥೆಯಲ್ಲಿ ಲಿಪಿಕಾರ ಮಾಡಿದ್ದೂ ಅಷ್ಟೇ: ಎದುರಿಗೆ ಕೂತು, ಬಾಯನ್ನು ನೋಡಿ, ಚುಕ್ಕಿಯಿಟ್ಟ. ಹಾಗೆ ಕಲಿತ ಮಗು ಮೀನಾ ಅಲ್ ಅಹ್ಮದಿಯ ಹಕಾರವನ್ನೂ ಕುವೈತಿ ಗೆಳೆಯನಿಂದ ಕಲಿಯಬಹುದು, ತನ್ನ ಹೆಸರಿನ ಪಕಾರವನ್ನು ಆ ಗೆಳೆಯನಿಗೆ ಕಲಿಸಲೂ ಬಹುದು.